ಮೊಲಕ್ಕೆ ಸೂಜಿ ಯಾವುದು, ಆಪರೇಷನ್ ಯಾವಾಗ?

(ಬೀದರಿನಲ್ಲಿ ಹೊಸದಾಗಿ ಮೊಲ ಸಾಕತೊಡಗಿದವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. ನಾಯಿಮರಿ ತಂದವರಿಗೆ ಮುಂದಿನ ದಾರಿ ಗೊತ್ತಿರುತ್ತದೆ. ಒಂದು ಕಾರ್ಡು, ಅದರ ಮೇಲೆ ತಾರೀಖು, ಇಷ್ಟು ವಾರಕ್ಕೆ ಇಂಥ ಸೂಜಿ. ಮೊಲ ತಂದವರೂ ಅದೇ ಕಾರ್ಡು ಹುಡುಕುತ್ತಾರೆ. ಮೊಬೈಲಿನಲ್ಲಿ ಇಂಗ್ಲೆಂಡಿನ ವೇಳಾಪಟ್ಟಿ ಸಿಗುತ್ತದೆ; ಅದನ್ನು ಹಿಡಿದುಕೊಂಡು ಔಷಧಿ ಅಂಗಡಿಗೆ ಹೋದರೆ "ಇಲ್ರೀ" ಅನ್ನುವ ಉತ್ತರ ಸಿಗುತ್ತದೆ. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಆ ಲಸಿಕೆಗಳು ಬೀದರ, ಕಲಬುರಗಿ, ಯಾದಗಿರಿಯ ಅಂಗಡಿಗಳಲ್ಲಾಗಲಿ ಪಶು ಆಸ್ಪತ್ರೆಗಳಲ್ಲಾಗಲಿ ಸಿಗುವುದಿಲ್ಲ. ಸಂತಾನಹರಣದ ಆಪರೇಷನ್ ಮಾತ್ರ ನಮ್ಮಲ್ಲಿ ಮಾಡಿಸಬಹುದು. ಹೊಸದಾಗಿ ಮೊಲ ಸಾಕುವವರು ತಲೆ ಕೆಡಿಸಿಕೊಳ್ಳಬೇಕಾದದ್ದು ಅದರ ಬಗ್ಗೆ. ಹಾಗಾಗಿ ಇವತ್ತು ಸೂಜಿಗೆ ಸ್ವಲ್ಪ ಹೊತ್ತು, ಆಪರೇಷನ್ನಿಗೆ ಬಹಳ ಹೊತ್ತು.

ಹೊರದೇಶದ ಲಸಿಕೆಗಳು ಎರಡು ರೋಗಗಳಿಗೆ. ಒಂದು ಮಿಕ್ಸೊಮಾಟೋಸಿಸ್. ಇದು ಸಿಡುಬಿನ ಬಳಗದ ವೈರಸ್. ಸೊಳ್ಳೆ, ಚಿಗಟಗಳು ಕಚ್ಚಿ ಹರಡುತ್ತವೆ. ಕಣ್ಣು, ಮುಖ, ಹಿಂಭಾಗ ಊದಿಕೊಂಡು ಸಾಕುಮೊಲ ಸಾಮಾನ್ಯವಾಗಿ ಸಾಯುತ್ತದೆ. ಹೊಲ ತಿಂದು ಹಾಳುಮಾಡುವ ಮೊಲಗಳನ್ನು ಕೊಲ್ಲಲೆಂದೇ ಆಸ್ಟ್ರೇಲಿಯಾದವರು 1950ರಲ್ಲಿ ಈ ವೈರಸ್ಸನ್ನು ಬಿಟ್ಟರು. 1952ರಲ್ಲಿ ಫ್ರಾನ್ಸಿಗೆ, ಮರುವರ್ಷ ಬ್ರಿಟನ್ನಿಗೆ ಬಂತು. ಇನ್ನೊಂದು ರಕ್ತಸ್ರಾವದ ರೋಗ, ಆರ್‌ಎಚ್‌ಡಿ. 1984ರಲ್ಲಿ ಚೀನಾದಲ್ಲಿ ಮೊದಲು ಕಂಡಿತು. 2010ರಲ್ಲಿ ಫ್ರಾನ್ಸಿನಲ್ಲಿ ಅದರ ಎರಡನೇ ರೂಪ ಹುಟ್ಟಿಕೊಂಡಿತು. ಹಳೆಯ ರೂಪ ಎಳೆ ಮರಿಗಳನ್ನು ಬಿಟ್ಟುಬಿಡುತ್ತಿತ್ತು, ಹೊಸದು ಮರಿಗಳನ್ನೂ ಬಿಡುವುದಿಲ್ಲ. ಯಕೃತ್ತು ಕೆಟ್ಟು ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ಎಷ್ಟೋ ಸಲ ಸಂಜೆ ಚೆನ್ನಾಗಿದ್ದ ಮೊಲ ಬೆಳಗ್ಗೆ ಸತ್ತಿರುತ್ತದೆ. ಈ ವೈರಸ್ ಒಣಗಿದ ಜಾಗದಲ್ಲೂ ತಿಂಗಳುಗಟ್ಟಲೆ ಬದುಕಿ, ಬಟ್ಟೆ, ಬುಟ್ಟಿ, ಚಪ್ಪಲಿಗೆ ಅಂಟಿ ಓಡಾಡುತ್ತದೆ.

ಬ್ರಿಟನ್ನಿನಲ್ಲಿ ಎರಡೂ ರೋಗಗಳಿಗೆ ಸೇರಿಸಿದ ಒಂದೇ ಲಸಿಕೆಯನ್ನು ಐದು ವಾರದ ಮರಿಯಿಂದ ಶುರುಮಾಡಿ ವರ್ಷಕ್ಕೊಮ್ಮೆ ಚರ್ಮದಡಿ ಕೊಡುತ್ತಾರೆ; ರಕ್ಷಣೆ ಕೂಡಿಬರಲು ಮೂರು ವಾರ ಬೇಕು. ಅಮೆರಿಕದಲ್ಲಿ 2021ರಿಂದ ಆರ್‌ಎಚ್‌ಡಿ ಎರಡನೇ ರೂಪಕ್ಕೆ ಮೂರು ವಾರದ ಅಂತರದಲ್ಲಿ ಎರಡು ಡೋಸ್ ಕೊಡುತ್ತಿದ್ದಾರೆ. ಅಲ್ಲಿಗೆ ಮೊಲ ಕರೆದುಕೊಂಡು ಹೋಗುವವರಿಗೆ ಈ ಮಾಹಿತಿ ಬೇಕು. ಮಿಕ್ಸೊಮಾಟೋಸಿಸ್ ನಮ್ಮ ದೇಶದಲ್ಲಿ ನೆಲೆಯೂರಿಲ್ಲ. ಇಲ್ಲಿರುವವರು ಇಲ್ಲದ ಸೂಜಿಗಾಗಿ ಊರೂರು ಅಲೆಯಬೇಕಾಗಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಸುಳ್ಳು ಸಮಾಧಾನದ್ದು. ಮಾರುವವರು "ಸೂಜಿ ಹಾಕಿಸೀವ್ರಿ" ಅನ್ನುತ್ತಾರೆ. ಯಾವ ಸೂಜಿ ಎಂದು ಕೇಳಿ. ಔಷಧಿಯ ಹೆಸರು, ಎಷ್ಟು ಎಂಎಲ್, ಯಾವ ತಾರೀಖು, ಮೂರನ್ನೂ ಬರೆಸಿಕೊಳ್ಳಿ. ಅದು ಹೆಚ್ಚಾಗಿ ಐವರ್‌ಮೆಕ್ಟಿನ್ ಆಗಿರುತ್ತದೆ, ಅಂದರೆ ಕಜ್ಜಿ ಮತ್ತು ಕಿವಿಯ ನುಸಿಗೆ ಕೊಡುವ ಔಷಧ. ಅದು ಲಸಿಕೆ ಅಲ್ಲ. ಅದರ ಪ್ರಮಾಣದಲ್ಲೂ ಎಡವಟ್ಟಾಗುತ್ತದೆ. ದನ, ಕುರಿಗೆ ಬಳಸುವ ಶೇಕಡಾ 1ರ ದ್ರಾವಣದ ಒಂದು ಎಂಎಲ್‌ನಲ್ಲಿ 10 ಮಿಲಿಗ್ರಾಂ ಔಷಧ ಇರುತ್ತದೆ. ಮೊಲಕ್ಕೆ ಬೇಕಾದದ್ದು ಕಿಲೋ ತೂಕಕ್ಕೆ 0.2ರಿಂದ 0.4 ಮಿಲಿಗ್ರಾಂ. ಒಂದೂವರೆ ಕಿಲೋ ಮೊಲಕ್ಕೆ ಲೆಕ್ಕ ಹಾಕಿದರೆ 0.03ರಿಂದ 0.06 ಎಂಎಲ್, ಸೂಜಿಯ ತುದಿಯಲ್ಲೇ ನಿಂತುಬಿಡುವಷ್ಟು. ಐದು ಎಂಎಲ್ ಸಿರಿಂಜಿನಲ್ಲಿ ಅಂದಾಜಿಗೆ ಎಳೆದರೆ ಹತ್ತು ಪಟ್ಟು ಹೋಗಿಬಿಡುತ್ತದೆ. ಇನ್ಸುಲಿನ್ ಸಿರಿಂಜಿನಲ್ಲಿ ಅಳೆದು ಕೊಡುವ ವೈದ್ಯರ ಕೈಯಿಂದಲೇ ಆಗಲಿ. ಹತ್ತು-ಹದಿನಾಲ್ಕು ದಿನ ಬಿಟ್ಟು ಇನ್ನೊಂದು ಸಲ ಬೇಕಾಗುತ್ತದೆ ಎನ್ನುವುದೂ ನೆನಪಿರಲಿ. ನಾಯಿಯ ಬೆನ್ನಿಗೆ ಬಿಡುವ ಫಿಪ್ರೊನಿಲ್ ಹನಿ ಮೊಲಕ್ಕೆ ವಿಷ. ನಾಯಿ, ಬೆಕ್ಕಿನ ಲಸಿಕೆಯನ್ನು "ಏನಾದ್ರೂ ಆಗ್ಲಿ" ಎಂದು ಮೊಲಕ್ಕೆ ಹಾಕಿಸುವುದೂ ಬೇಡ. ಅವು ಬೇರೆ ರೋಗಗಳಿಗೆ, ಬೇರೆ ಪ್ರಾಣಿಗಳಿಗೆ ಮಾಡಿದ್ದು.

ಲಸಿಕೆಯ ಜಾಗದಲ್ಲಿ ನಮಗಿರುವುದು ಮೂರು ಕೆಲಸ. ಹೊಸ ಮೊಲವನ್ನು ಹಳೆಯದರ ಹತ್ತಿರ ಬಿಡುವ ಮೊದಲು 14 ದಿನ ಬೇರೆ ಕೋಣೆಯಲ್ಲಿಡಿ. ಹಳೆಯದಕ್ಕೆ ಮೊದಲು ಮೇವು ಹಾಕಿ, ಹೊಸದಕ್ಕೆ ಆಮೇಲೆ, ನಡುವೆ ಕೈ ತೊಳೆಯಿರಿ. ಸೊಳ್ಳೆ, ನೊಣ ಬರದಂತೆ ಗೂಡಿಗೆ ಜಾಲರಿ ಕಟ್ಟಿ. ಹಿಂಭಾಗ ಹೊಲಸಾದ ಮೊಲದ ಮೇಲೆ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳ ಬೀಳುತ್ತವೆ, ಮಳೆಗಾಲದಲ್ಲಿ ಇದು ನಮ್ಮಲ್ಲಿ ನಡೆಯುವ ಮಾತೇ. ಹಿಕ್ಕೆಯನ್ನು ದಿನಾ ಗುಡಿಸಿ. ಮರಿಗಳನ್ನು ಕೊಲ್ಲುವ ಕಾಕ್ಸಿಡಿಯೋಸಿಸ್, ಅಂದರೆ ಒಂದು ಪರಾವಲಂಬಿ ಜೀವಿಯಿಂದ ಬರುವ ರೋಗ, ಹಿಕ್ಕೆಯಿಂದಲೇ ಹರಡುತ್ತದೆ. ಹೊಸದಾಗಿ ಬಿದ್ದ ಹಿಕ್ಕೆಯಲ್ಲಿರುವ ಅದರ ತತ್ತಿ ಹಣ್ಣಾಗಲು ಒಂದೆರಡು ದಿನ ಬೇಕು, ಅಷ್ಟರೊಳಗೆ ಗುಡಿಸಿದರೆ ಸರಪಳಿ ಕಡಿಯುತ್ತದೆ. ಎರಡು-ಮೂರು ತಿಂಗಳ ಮರಿ ಹೊಟ್ಟೆ ಊದಿಸಿಕೊಂಡು ಸೊರಗಿದರೆ ಹಿಕ್ಕೆಯನ್ನೊಂದು ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ಇದಕ್ಕೆ ಔಷಧ ಇದೆ.

ಇನ್ನು ಆಪರೇಷನ್.

ಹೆಣ್ಣು ಮೊಲಕ್ಕೆ ನಾಯಿ, ಆಕಳ ಹಾಗೆ ಬೆದೆಯ ದಿನಗಳ ಲೆಕ್ಕ ಇಲ್ಲ. ಗಂಡು ಕೂಡಿದ ಸುಮಾರು ಹತ್ತು ತಾಸಿಗೆ ಅಂಡ ಬಿಡುಗಡೆಯಾಗುತ್ತದೆ. ಗಬ್ಬ 30ರಿಂದ 32 ದಿನ. ಈದ ದಿನವೇ ಮತ್ತೆ ಗಬ್ಬ ಕಟ್ಟಬಲ್ಲದು. ನಾಲ್ಕರಿಂದ ಹನ್ನೆರಡು ಮರಿ ಒಂದು ಸೂಲಿಗೆ. ಎರಡೂ ಹೆಣ್ಣು ಎಂದು ತಂದ ಜೋಡಿಯಲ್ಲಿ ಒಂದು ಗಂಡಾಗಿದ್ದರೆ ಮೂರು ತಿಂಗಳಲ್ಲಿ ಮನೆ ತುಂಬುತ್ತದೆ. ಆದ್ದರಿಂದ ಲಿಂಗ ನೋಡಿಸುವುದು ಮೊದಲ ಕೆಲಸ. ಮೊಲವನ್ನು ತೊಡೆಯ ಮೇಲೆ ಹಿಡಿದು, ಬಾಲದ ಮುಂದಿನ ಜಾಗವನ್ನು ಎರಡು ಬೆರಳಿನಿಂದ ಹಗುರವಾಗಿ ಒತ್ತಿದರೆ ಗಂಡಿನಲ್ಲಿ ದುಂಡನೆಯ ಕೊಳವೆ ಹೊರಬರುತ್ತದೆ, ಹೆಣ್ಣಿನಲ್ಲಿ ಉದ್ದನೆಯ ಸೀಳು ಕಾಣುತ್ತದೆ. ಎಂಟು ವಾರದೊಳಗೆ ತಪ್ಪಾಗುವುದು ಸಹಜ. ಹತ್ತರಿಂದ ಹದಿನಾಲ್ಕು ವಾರಕ್ಕೆ ಗಂಡಿನ ಬೀಜ ಚೀಲಕ್ಕಿಳಿಯುತ್ತವೆ, ಆಗ ಅನುಮಾನ ಉಳಿಯುವುದಿಲ್ಲ. ಆದರೆ ಮೊಲ ಹೆದರಿದಾಗ ಬೀಜಗಳನ್ನು ಹೊಟ್ಟೆಯೊಳಗೆ ಎಳೆದುಕೊಳ್ಳಬಲ್ಲದು, ಮುಟ್ಟಿದ ತಕ್ಷಣ ಸಿಗಲಿಲ್ಲವೆಂದು ಹೆಣ್ಣೆಂದುಕೊಳ್ಳಬೇಡಿ.

ಮರಿ ಬೇಡ ಎನ್ನುವುದಷ್ಟೇ ಕಾರಣವಾಗಿದ್ದರೆ ಎರಡು ಗೂಡು ಮಾಡಿದರೆ ಸಾಕಿತ್ತು. ಹೆಣ್ಣಿನ ವಿಷಯದಲ್ಲಿ ಇನ್ನೊಂದು ಕಾರಣ ಇದೆ: ಗರ್ಭಕೋಶದ ಕ್ಯಾನ್ಸರ್. ಕೆಲವು ತಳಿಗಳಲ್ಲಿ ನಾಲ್ಕು ವರ್ಷ ದಾಟಿದ ಹೆಣ್ಣುಗಳಲ್ಲಿ ಶೇಕಡಾ 50ರಿಂದ 80ರವರೆಗೆ ಇದು ಕಂಡುಬಂದಿದೆ. ಮರಿ ಹಾಕಿದ ಹೆಣ್ಣಿಗೆ ಬರುವುದಿಲ್ಲ ಎನ್ನುವ ಮಾತು ಸುಳ್ಳು. ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರೆ ಆ ಭಯ ಹೋಗುತ್ತದೆ. ಹದಿನಾರು-ಹದಿನೆಂಟು ದಿನ ಇದ್ದು, ಕೂದಲು ಕಿತ್ತು ಗೂಡು ಕಟ್ಟಿಸುವ ಸುಳ್ಳು ಗಬ್ಬವೂ ನಿಲ್ಲುತ್ತದೆ. ಗಂಡಿನಲ್ಲಿ ಲಾಭ ಬೇರೆ: ಮೂತ್ರ ಚಿಮ್ಮಿಸುವುದು, ಕಾಲಿಗೆ ಸುತ್ತುವುದು, ಇನ್ನೊಂದು ಗಂಡಿನೊಡನೆ ಬೀಜ ಹರಿಯುವಂತೆ ಕಾದಾಡುವುದು ಕಡಿಮೆಯಾಗುತ್ತವೆ. ಹಾರ್ಮೋನು ಇಳಿಯಲು ನಾಲ್ಕರಿಂದ ಆರು ವಾರ ಬೇಕು. ಮರುದಿನವೇ ಸಾಧುವಾಗಲಿಲ್ಲ ಎಂದು ದೂರಬೇಡಿ.

ವಯಸ್ಸು: ಗಂಡಿಗೆ ಬೀಜ ಇಳಿದ ಮೇಲೆ, ಸುಮಾರು ನಾಲ್ಕು ತಿಂಗಳು. ಹೆಣ್ಣಿಗೆ ಐದು-ಆರು ತಿಂಗಳು, ದೊಡ್ಡ ತಳಿಗೆ ಇನ್ನೂ ಸ್ವಲ್ಪ ತಡ. ಹೆಣ್ಣಿನಲ್ಲಿ ತೀರಾ ತಡ ಮಾಡಿದರೆ ಗರ್ಭಕೋಶವನ್ನು ಹಿಡಿದ ಪೊರೆಯಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ, ರಕ್ತನಾಳ ಹುಡುಕಿ ಕಟ್ಟುವುದು ಕಷ್ಟವಾಗುತ್ತದೆ. ಕಾಲಮಾನವೂ ಲೆಕ್ಕಕ್ಕೆ ಬರಲಿ. ಮೊಲಕ್ಕೆ 28-30 ಡಿಗ್ರಿ ದಾಟಿದರೇ ಬೇಗೆ. ಕಲಬುರಗಿಯ ಏಪ್ರಿಲ್-ಮೇ 42 ಡಿಗ್ರಿಯಲ್ಲಿ ಅರಿವಳಿಕೆಯಿಂದ ಎದ್ದ ಪ್ರಾಣಿಯನ್ನು ಆಟೋದಲ್ಲಿ ತರುವುದು ಬುದ್ಧಿವಂತಿಕೆ ಅಲ್ಲ. ಯುಗಾದಿಯ ಒಳಗೆ ಮಾಡಿಸಿ, ಇಲ್ಲವೇ ಮಳೆ ಬಿದ್ದ ಮೇಲೆ ಮಾಡಿಸಿ. ಅಲ್ಲಿಯತನಕ ಗಂಡು ಹೆಣ್ಣು ಬೇರೆ ಬೇರೆ.

ಎಲ್ಲಿ ಮಾಡಿಸಬೇಕು? ತಾಲೂಕು ಪಶು ಆಸ್ಪತ್ರೆಯ ವೈದ್ಯರು ದನ, ಎಮ್ಮೆ, ಕುರಿಗಳಲ್ಲಿ ಪಳಗಿದವರು. ಮೊಲ ಅವರ ಮೇಜಿಗೆ ಬರುವುದು ಅಪರೂಪ. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜು, ಅದರ ಬೋಧನಾ ಆಸ್ಪತ್ರೆ ಇವೆ. ಇನ್ನೊಂದು ದಿಕ್ಕಿಗೆ ಹೈದರಾಬಾದ್ ಮೂರು ತಾಸಿನ ದಾರಿ. ಎಲ್ಲಿಗೆ ಹೋದರೂ ಮೊದಲು ಮಾತಾಡಿ. ವರ್ಷದಲ್ಲಿ ಎಷ್ಟು ಮೊಲಕ್ಕೆ ಮಾಡುತ್ತೀರಿ, ಅವುಗಳಲ್ಲಿ ಹೆಣ್ಣು ಎಷ್ಟು, ಆಮ್ಲಜನಕ ಮತ್ತು ಐಸೊಫ್ಲುರೇನ್ (ಅರಿವಳಿಕೆಯ ಗ್ಯಾಸ್) ಇದೆಯೇ, ಬರೀ ಸೂಜಿಯ ಅರಿವಳಿಕೆಯೇ, ನೋವಿನ ಔಷಧ ಎಷ್ಟು ದಿನ ಕೊಡುತ್ತೀರಿ ಎಂದು ಕೇಳಿ. ಇದರಲ್ಲಿ ಮುಜುಗರ ಏನಿಲ್ಲ. ಒಳ್ಳೆಯ ವೈದ್ಯರು ಇಂಥ ಪ್ರಶ್ನೆಗೆ ಖುಷಿಯಿಂದ ಉತ್ತರ ಕೊಡುತ್ತಾರೆ. ಕೊನೆಗೆ ಇನ್ನೊಂದು ಪ್ರಶ್ನೆ: "ಹಿಂದಿನ ರಾತ್ರಿ ಉಪವಾಸ ಇಡಬೇಕಾ?" "ಹೌದು, ರಾತ್ರಿಯಿಡೀ" ಎಂದರೆ ಅಲ್ಲಿ ಮೊಲದ ಅನುಭವ ಕಡಿಮೆ ಎಂದು ತಿಳಿಯಿರಿ.

ನಾಯಿಯನ್ನು ಉಪವಾಸ ಇಡುವುದು ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗದಿರಲಿ ಎಂದು. ಮೊಲಕ್ಕೆ ವಾಂತಿಯೇ ಆಗುವುದಿಲ್ಲ. ಅದರ ಕರುಳು ಹುಲ್ಲಿನ ನಾರಿನಿಂದ ಸದಾ ಚಲಿಸುತ್ತಿರಬೇಕು. ನಿಂತರೆ ಕುರುಡುಕರುಳಿನಲ್ಲಿ (ಸಣ್ಣಕರುಳು ದೊಡ್ಡಕರುಳು ಸೇರುವಲ್ಲಿನ ದೊಡ್ಡ ಚೀಲ) ಗಾಳಿ ತುಂಬಿ, ನೋವಾಗಿ, ನೋವಿಗೆ ತಿನ್ನುವುದು ಬಿಟ್ಟು, ತಿನ್ನದ್ದರಿಂದ ಕರುಳು ಇನ್ನಷ್ಟು ನಿಲ್ಲುತ್ತದೆ. ಆಪರೇಷನ್ ಚೆನ್ನಾಗಿಯೇ ಆದರೂ ಮೂರನೇ ದಿನ ಮೊಲ ಸಾಯುವುದು ಹೆಚ್ಚಾಗಿ ಹೀಗೆ. ಹುಲ್ಲು ಆಪರೇಷನ್ನಿನ ಬೆಳಗ್ಗೆಯೂ ಮುಂದಿರಲಿ. ಬಾಯಿಯಲ್ಲಿ ತುತ್ತು ಉಳಿಯಬಾರದೆಂದು ಕೊನೆಯ ಒಂದು ತಾಸು ಮಾತ್ರ ತೆಗೆಯುತ್ತಾರೆ.

2008ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನದ ಅಂಕಿ ಹೇಳುತ್ತೇನೆ. ಅರಿವಳಿಕೆಗೆ ಸಂಬಂಧಿಸಿದ ಸಾವು ನಾಯಿಯಲ್ಲಿ ಶೇಕಡಾ 0.17, ಬೆಕ್ಕಿನಲ್ಲಿ 0.24, ಮೊಲದಲ್ಲಿ 1.39. ಆರೋಗ್ಯವಾದ ಮೊಲವನ್ನಷ್ಟೇ ತೆಗೆದುಕೊಂಡರೆ 0.73, ಕಾಯಿಲೆಯ ಮೊಲದಲ್ಲಿ 7.37. ಸತ್ತ ಮೊಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತದ್ದು ಮೇಜಿನ ಮೇಲಲ್ಲ, ಆಪರೇಷನ್ ಮುಗಿದ ಮೇಲೆ. ಅಂದರೆ ಸೀನುವ, ಮೂಗು ಸೋರುವ, ತೂಕ ಇಳಿದ ಮೊಲವನ್ನು ಮೇಜಿಗೆ ಹಾಕಬಾರದು. ಮತ್ತು ಮುಗಿದ ಮೇಲಿನ ತಾಸುಗಳು ಚಾಕು ಹಿಡಿದ ತಾಸಿನಷ್ಟೇ ಮುಖ್ಯ.

ವೈದ್ಯರು ಒಳಗೆ ಏನು ಮಾಡುತ್ತಾರೆ ಎನ್ನುವುದು ಸ್ವಲ್ಪ ತಿಳಿದಿದ್ದರೆ ಒಳ್ಳೆಯದು. ತೂಕ ಗ್ರಾಂ ಲೆಕ್ಕದಲ್ಲಿ ನೋಡುತ್ತಾರೆ. ಅರಿವಳಿಕೆಗೆ ಮುಂಚೆ ಕೊಡುವ ಅಟ್ರೊಪಿನ್ ಬಹಳಷ್ಟು ಮೊಲಗಳಲ್ಲಿ ಕೆಲಸ ಮಾಡುವುದಿಲ್ಲ, ಅದನ್ನು ಒಡೆದುಹಾಕುವ ಕಿಣ್ವ ಅವುಗಳ ರಕ್ತದಲ್ಲೇ ಇರುತ್ತದೆ. ಮೊಲ ಬಲ್ಲವರು ಅದರ ಬದಲು ಗ್ಲೈಕೊಪೈರೊಲೇಟ್ ಎಂಬ ಔಷಧ ಬಳಸುತ್ತಾರೆ. ಮುಖಕ್ಕೆ ನೇರ ಗ್ಯಾಸ್ ಹಿಡಿದರೆ ಮೊಲ ಉಸಿರು ಕಟ್ಟಿ ಕೂಡುತ್ತದೆ, ಅದಕ್ಕೆ ಮೊದಲು ಸೂಜಿಯಿಂದ ಮಂಪರು ತರಿಸುತ್ತಾರೆ. ಬಾಯಿ ಕಿರಿದು, ನಾಲಿಗೆ ದಪ್ಪ, ಗಂಟಲೊಳಗೆ ಕೊಳವೆ ಇಳಿಸುವುದು ಕೈಪಳಗಿದವರ ಕೆಲಸ. ಚರ್ಮ ತೆಳು, ಕೂದಲು ಬೋಳಿಸುವಾಗಲೇ ಹರಿಯಬಹುದು. ಗಂಡಿನಲ್ಲಿ ಬೀಜ ತೆಗೆದ ಮೇಲೆ ಹೊಟ್ಟೆಯಿಂದ ಚೀಲಕ್ಕಿಳಿಯುವ ಒಳದಾರಿಯನ್ನು ಕಟ್ಟಬೇಕು. ಮೊಲಕ್ಕೆ ಆ ದಾರಿ ಜೀವನಪರ್ಯಂತ ತೆರೆದೇ ಇರುತ್ತದೆ, ಕಟ್ಟದಿದ್ದರೆ ಕರುಳು ಅಲ್ಲಿಂದ ಜಾರಿ ಬರಬಹುದು. ಹೆಣ್ಣಿನಲ್ಲಿ ಹೊಕ್ಕುಳ ಕೆಳಗೆ ಮೂರು-ನಾಲ್ಕು ಸೆಂಟಿಮೀಟರ್ ಕೊಯ್ತ. ಹೊಟ್ಟೆಯ ಗೋಡೆ ತೆಳುವಾಗಿದ್ದು ಕುರುಡುಕರುಳು, ಮೂತ್ರಕೋಶ ಅದರ ಹಿಂದೆಯೇ ಅಂಟಿದಂತಿರುತ್ತವೆ. ಅವಸರ ಮಾಡಿದರೆ ಅವೇ ಕೊಯ್ದುಹೋಗುತ್ತವೆ. ಹೊರಗಿನ ಹೊಲಿಗೆಯನ್ನು ಮೊಲ ಹಲ್ಲಿನಿಂದ ಬಿಚ್ಚಿಬಿಡುವುದರಿಂದ ಕರಗುವ ದಾರದಲ್ಲಿ ಚರ್ಮದ ಒಳಗೇ ಹೊಲಿಯಬೇಕು. ಇದನ್ನು ಮುಂಚೆಯೇ ಕೇಳಿಕೊಳ್ಳಿ.

ಆ ದಿನ ನೀವು ತೆಗೆದುಕೊಂಡು ಹೋಗಬೇಕಾದದ್ದು: ಗಟ್ಟಿ ಬುಟ್ಟಿ, ಎರಡು ಟವೆಲ್, ಮೊಲ ದಿನಾ ತಿನ್ನುವ ಒಣಹುಲ್ಲು, ಒಂದು ಕಟ್ಟು ಕೊತ್ತಂಬರಿ. ಜೋಡಿ ಮೊಲ ಇದ್ದರೆ ಜೊತೆಗಾರನೂ ಬರಲಿ, ವಾಸನೆ ಬದಲಾದರೆ ವಾಪಸ್ಸು ಬಂದಾಗ ಕಚ್ಚಾಡುತ್ತವೆ. ಬೆಳಗಿನ ತಂಪಿನಲ್ಲಿ ಹೊರಡಿ.

ಮನೆಗೆ ಬಂದ ಮೇಲಿನ ಮೊದಲ ರಾತ್ರಿಯ ಬಗ್ಗೆ ಬಿಡಿಸಿ ಹೇಳುತ್ತೇನೆ. ಮೊಲದ ಸಹಜ ಶಾಖ 38.5ರಿಂದ 40 ಡಿಗ್ರಿ. ಅರಿವಳಿಕೆ, ಬೋಳಿಸಿದ ಹೊಟ್ಟೆ, ಒದ್ದೆ ಸ್ಪಿರಿಟ್ ಸೇರಿ ಅದು ಇಳಿಯುತ್ತದೆ. ನಮ್ಮ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ; ಬೇಸಿಗೆಯಲ್ಲಿ ಮೊಲಕ್ಕೆ ಅದೇ ಸ್ವರ್ಗ, ಆದರೆ ಆಪರೇಷನ್ ಆದ ರಾತ್ರಿ ಆ ನೆಲ ಉಳಿದ ಶಾಖವನ್ನೂ ಹೀರಿಬಿಡುತ್ತದೆ. ಕೆಳಗೆ ನಾಲ್ಕು ಪದರ ಪೇಪರು, ಮೇಲೆ ದಪ್ಪ ಟವೆಲ್, ಒಂದು ಬದಿಗೆ ಬಟ್ಟೆ ಸುತ್ತಿದ ಬಿಸಿನೀರಿನ ಚೀಲ. ಬೇಕಾದರೆ ಒರಗಿಕೊಳ್ಳಲಿ, ಬೇಡವಾದರೆ ದೂರ ಸರಿಯಲಿ. ದಾರ ಕಿತ್ತ ಹಳೆಯ ಕೌದಿ ಬೇಡ, ಎಳೆ ನುಂಗುತ್ತದೆ. ಮರದ ಪುಡಿ, ತೊಗರಿ ಹೊಟ್ಟು ಹಾಸಬಾರದು. ಗಾಯಕ್ಕೆ ಅಂಟುತ್ತವೆ, ಧೂಳು ಮೂಗಿಗೆ ಹೋಗುತ್ತದೆ.

ಎಚ್ಚರವಾದ ಕೂಡಲೇ ಹುಲ್ಲು, ಸೊಪ್ಪು, ನೀರು ಮುಂದಿಡಿ. ನೀರು ಬಾಟಲಿಯ ನಳಿಗೆಯಲ್ಲಲ್ಲ, ಭಾರದ ಬಟ್ಟಲಿನಲ್ಲಿ. ಆರೇಳು ತಾಸಿನಲ್ಲಿ ಏನಾದರೂ ಮೂಸಿ ಮೆಲ್ಲಬೇಕು. ಮೆಲ್ಲದಿದ್ದರೆ ಕೈಯಿಂದ ತಿನ್ನಿಸಬೇಕು: ಮೊಲದ ಪೆಲೆಟ್ಟನ್ನು (ಗುಳಿಗೆಯಂಥ ಒಣ ಮೇವು) ಎರಡು-ಮೂರು ಪಟ್ಟು ಬೆಚ್ಚನೆಯ ನೀರಿನಲ್ಲಿ ನೆನೆಸಿ, ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಸೂಜಿ ತೆಗೆದ ಸಿರಿಂಜಿನಲ್ಲಿ ಕಿಲೋ ತೂಕಕ್ಕೆ ಸುಮಾರು 10 ಎಂಎಲ್, ದಿನಕ್ಕೆ ನಾಲ್ಕೈದು ಸಲ. ಮುಂದಿನ ಹಲ್ಲಿನ ಹಿಂದೆ ಬದಿಯಲ್ಲಿ ಖಾಲಿ ಜಾಗ ಇದೆ, ಅಲ್ಲಿಂದ ಅರ್ಧ-ಒಂದು ಎಂಎಲ್ ಬಿಟ್ಟು ಅಗಿದು ನುಂಗುವತನಕ ಕಾಯಿರಿ. ಮಗುವಿನ ಹಾಗೆ ಅಂಗಾತ ಮಲಗಿಸಿ ಹಾಕಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಡೊಳ್ಳಿನಂತೆ ಬಿಗಿದಿದ್ದರೆ ಒಂದು ತೊಟ್ಟೂ ಹಾಕದೆ ಆಸ್ಪತ್ರೆಗೆ ಹೊರಡಿ.

ಹಿಕ್ಕೆ ಎಣಿಸಿ ಎಂದರೆ ನಗುತ್ತೀರಿ, ಆದರೆ ಅದೇ ನಿಮ್ಮ ಮಾಪಕ. ಮೊದಲ ದಿನ ಸಣ್ಣಗೆ, ಕಡಿಮೆ ಬೀಳುವುದು ಸರಿ. 12 ತಾಸು ತಿನ್ನದೆ, ಹಿಕ್ಕೆಯೂ ಹಾಕದೆ ಇದ್ದರೆ ಬೆಳಗಾಗಲಿ ಎಂದು ಕಾಯಬಾರದು. ಮೂಲೆಯಲ್ಲಿ ಗೂನುಬೆನ್ನು ಮಾಡಿ, ಕಣ್ಣು ಅರೆಮುಚ್ಚಿ, ಹಲ್ಲು ಕಟಕಟ ಕಡಿಯುತ್ತ, ಹೊಟ್ಟೆಯನ್ನು ನೆಲಕ್ಕೆ ಒತ್ತುತ್ತಿದ್ದರೆ ಅದು ನೋವು. ಮೊಲ ಸಾಮಾನ್ಯವಾಗಿ ಕೂಗುವುದಿಲ್ಲ, ಸುಮ್ಮನಿದೆ ಎಂದರೆ ಆರಾಮಾಗಿದೆ ಎಂದಲ್ಲ. ಮೆಲಾಕ್ಸಿಕ್ಯಾಮ್‌ನಂಥ ನೋವಿನ ಔಷಧವನ್ನು ವೈದ್ಯರು ಬರೆದಷ್ಟು ದಿನ, ಸಾಮಾನ್ಯವಾಗಿ ಮೂರರಿಂದ ಐದು ದಿನ, ತಪ್ಪದೆ ಕೊಡಿ. ಮೊಲಕ್ಕೆ ನಾಯಿಗಿಂತ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ, ಹಾಗಾಗಿ ನಾಯಿಯ ಲೆಕ್ಕದಲ್ಲಿ ನೀವೇ ಕಡಿಮೆ ಮಾಡಬೇಡಿ.

ಇಲ್ಲೊಂದು ಮಾತನ್ನು ದಯವಿಟ್ಟು ಬರೆದುಕೊಳ್ಳಿ. ಗಾಯ ಒಣಗಲೆಂದು ಮನೆಯಲ್ಲಿರುವ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಮಾತ್ರೆ ಅಥವಾ ಸಿರಪ್ಪನ್ನು ಮೊಲದ ಬಾಯಿಗೆ ಹಾಕಬಾರದು. ಕ್ಲಿಂಡಾಮೈಸಿನ್, ಲಿಂಕೊಮೈಸಿನ್ ಕೂಡ ಹಾಗೆಯೇ. ಕುರುಡುಕರುಳಿನ ಒಳ್ಳೆಯ ಜೀವಾಣು ಸತ್ತು ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಜೀವಾಣು ಬೆಳೆದು, ನೀರಿನಂಥ ಭೇದಿಯಾಗಿ ಮೊಲ ಸಾಯುತ್ತದೆ. ಬೇಕಾದಾಗ ವೈದ್ಯರು ಎನ್ರೊಫ್ಲಾಕ್ಸಾಸಿನ್ ಅಥವಾ ಟ್ರೈಮೆಥೊಪ್ರಿಮ್-ಸಲ್ಫಾ ಬರೆಯುತ್ತಾರೆ. ಔಷಧಿ ಅಂಗಡಿಯವರಿಗೆ ಇದು ಗೊತ್ತಿರಲಿಕ್ಕಿಲ್ಲ.

ಗಾಯವನ್ನು ದಿನಕ್ಕೆರಡು ಸಲ ನೋಡಿ. ಅಂಚು ಸ್ವಲ್ಪ ಕೆಂಪಗಿರುವುದು, ಗಂಡಿನ ಚೀಲ ಒಂದೆರಡು ದಿನ ಊದಿರುವುದು ಸಹಜ. ಕೀವು, ದುರ್ವಾಸನೆ, ಬಾಯ್ಬಿಟ್ಟ ಹೊಲಿಗೆ, ದಿನದಿಂದ ದಿನಕ್ಕೆ ಬೆಳೆಯುವ ಊತ ಸಹಜವಲ್ಲ. ಕೊರಳಿಗೆ ಪ್ಲಾಸ್ಟಿಕ್ ಕಾಲರ್ ಹಾಕಿದರೆ ಮೊಲ ಹಿಂಭಾಗದಿಂದ ನೇರ ತಿನ್ನುವ ಮೆತ್ತನೆಯ ಗೊಂಚಲು ಹಿಕ್ಕೆಯನ್ನು ತಿನ್ನಲಾಗುವುದಿಲ್ಲ, ಗಾಬರಿಯಲ್ಲಿ ಹುಲ್ಲನ್ನೂ ಬಿಡುತ್ತದೆ. ಹೊಲಿಗೆ ಕಚ್ಚುವ ಮೊಲಕ್ಕೆ ಮಾತ್ರ, ಅದೂ ಬಟ್ಟೆಯ ಕವಚ ಹಾಕಿ ನೋಡಿದ ಮೇಲೆ. ಹತ್ತು ದಿನ ಎತ್ತರದಿಂದ ಹಾರಲು, ಮಕ್ಕಳು ಎತ್ತಿಕೊಳ್ಳಲು ಬಿಡಬೇಡಿ. ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ತೂಕ ಹಾಕಿ. ಹತ್ತನೇ ಒಂದು ಭಾಗ ಇಳಿದರೆ ವೈದ್ಯರಿಗೆ ತಿಳಿಸಿ. ಕೆಂಪು, ಕಿತ್ತಳೆ ಬಣ್ಣದ ಮೂತ್ರ ನೋಡಿ ಹೊಸಬರು ಬೆಚ್ಚುತ್ತಾರೆ. ಸೊಪ್ಪಿನ ಬಣ್ಣದಿಂದಲೂ ಹಾಗಾಗುತ್ತದೆ. ಇಡೀ ಮೂತ್ರ ಒಂದೇ ಬಣ್ಣವಾಗಿದ್ದರೆ ಹೆಚ್ಚಾಗಿ ಅದೇ, ಹನಿಹನಿಯಾಗಿ ಅಥವಾ ಗಡ್ಡೆಯಾಗಿ ಬಿದ್ದರೆ ರಕ್ತ.

ಗಂಡಿಗೆ ಆಪರೇಷನ್ ಆದ ಮೇಲೂ ನಾಲ್ಕರಿಂದ ಆರು ವಾರ ವೀರ್ಯ ಉಳಿದಿರುತ್ತದೆ. "ಮಾಡಿಸಿದ್ರೂ ಮರಿ ಹಾಕ್ತಲ್ರೀ" ಎನ್ನುವವರೆಲ್ಲ ಮರುದಿನವೇ ಜೋಡಿ ಬಿಟ್ಟವರು.

ನಮ್ಮ ಕಡೆಯ ಪರಿಸ್ಥಿತಿ ನೋಡಿ ನಾನು ಕೊಡುವ ಸಲಹೆ ಇಷ್ಟು. ಗಂಡು-ಹೆಣ್ಣು ಜೋಡಿ ಇದ್ದರೆ ಗಂಡಿಗೆ ಮೊದಲು ಮಾಡಿಸಿ. ಅದು ಚಿಕ್ಕ ಆಪರೇಷನ್, ಮಾಡಬಲ್ಲವರು ಹತ್ತಿರದಲ್ಲೇ ಸಿಗುವ ಸಾಧ್ಯತೆ ಹೆಚ್ಚು, ಆ ನಾಲ್ಕರಿಂದ ಆರು ವಾರ ಬೇರೆ ಇಟ್ಟರೆ ಮರಿಯ ಚಿಂತೆ ತೀರುತ್ತದೆ. ಹೆಣ್ಣಿಗೆ ಅನುಭವಿ ಕೈ ಸಿಗುವತನಕ ಕೆಲವು ತಿಂಗಳು ಕಾಯಬಹುದು, ವರ್ಷಗಟ್ಟಲೆ ಅಲ್ಲ. ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಮೊದಲ ಸಲ ಮಾಡುವವರ ಕೈಗೆ ಹೆಣ್ಣು ಮೊಲವನ್ನು ಕೊಡುವುದಕ್ಕಿಂತ ಹೈದರಾಬಾದಿನ ದಾರಿ ಹಿಡಿಯುವುದು ಮೇಲು.

ಇನ್ನು ಸಭಿಕರ ಪ್ರಶ್ನೆಗಳು.

ಮೊಲ ಕಚ್ಚಿದರೆ ಮಕ್ಕಳಿಗೆ ರೇಬೀಸ್ ಸೂಜಿ ಹಾಕಿಸಬೇಕಾ?

ಮನೆಯೊಳಗೇ ಬೆಳೆದ ಮೊಲ ಕಚ್ಚಿದ್ದಕ್ಕೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರಿಗೆ ತೋರಿಸಿ, ಧನುರ್ವಾಯು ಸೂಜಿಯ ಅವಧಿ ನೋಡಿಸಿ. ಆ ಮೊಲಕ್ಕೇ ಇತ್ತೀಚೆಗೆ ಬೀದಿನಾಯಿ ಕಚ್ಚಿತ್ತು ಎಂದಾದರೆ ಮುಚ್ಚಿಡದೆ ಹೇಳಿ, ನಿರ್ಧಾರ ಬದಲಾಗಬಹುದು. ಮೊಲಕ್ಕೆಂದು ಅನುಮತಿ ಪಡೆದ ರೇಬೀಸ್ ಲಸಿಕೆ ಇಲ್ಲ.

ನಮ್ಮೂರಾಗ ಹೋರಿ ಬೀಜ ಒಡೆಯುವವರು ಅದಾರ. ಅವರ ಕಡೆಯಿಂದ ಮಾಡಿಸಿದ್ರ?

ಬೇಡ. ಇಕ್ಕಳದಿಂದ ಹೊರಗೆ ಒತ್ತಿ ನಾಳ ಜಜ್ಜುವುದು ಹೋರಿಗೆ ಮಾಡಿದ ವಿಧಾನ. ಮೊಲದ ಬೀಜ ಒಳಗೆ ಜಾರಿಕೊಳ್ಳುತ್ತವೆ, ತೆರೆದ ಒಳದಾರಿಯಲ್ಲಿ ಕರುಳು ಸಿಕ್ಕಿದರೆ ಅದೇ ಜಜ್ಜಿಹೋಗುತ್ತದೆ. ಅಲ್ಲದೆ ಆ ನೋವು, ಹೆದರಿಕೆಗೆ ಒದ್ದಾಡಿ ಮೊಲ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳುತ್ತದೆ. ಅದರ ಮೂಳೆ ಹಗುರ, ಹಿಂಗಾಲಿನ ಬಲ ಜಾಸ್ತಿ.

ಹೊಲದಲ್ಲಿ ಸಿಕ್ಕ ಮೊಲದ ಮರಿ ಸಾಕಬಹುದಾ, ಅದಕ್ಕೂ ಇದೇ ಆಪರೇಷನ್ನಾ?

ಹೊಲದಲ್ಲಿ ಸಿಗುವುದು ಕಾಡುಮೊಲ, ಸಾಕುಮೊಲದ ಜಾತಿಯೇ ಅಲ್ಲ. ಸಾಕುಮೊಲದ ಮರಿ ಕೂದಲಿಲ್ಲದೆ, ಕಣ್ಣು ಮುಚ್ಚಿ ಹುಟ್ಟುತ್ತದೆ. ಕಾಡುಮೊಲದ ಮರಿ ಕೂದಲು ತುಂಬಿ, ಕಣ್ಣು ತೆರೆದೇ ಹುಟ್ಟುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದು, ಸಾಕುವುದು ಅಪರಾಧ. ಒಂಟಿಯಾಗಿ ಕೂತಿದೆ ಎಂದರೆ ತಾಯಿ ಬಿಟ್ಟಿದೆ ಎಂದಲ್ಲ, ಹಗಲು ದೂರವಿದ್ದು ಕತ್ತಲಾದ ಮೇಲೆ ಹಾಲೂಡಿಸಲು ಬರುತ್ತದೆ. ಇದ್ದಲ್ಲೇ ಬಿಡಿ.

ನಮ್ಮ ಹೆಣ್ಣಿಗೆ ನಾಲ್ಕು ವರ್ಷ ಆಯ್ತು, ಇನ್ನು ತಡವಾಯ್ತಾ?

ವಯಸ್ಸೊಂದೇ ತಡೆ ಅಲ್ಲ. ಮೊದಲು ವೈದ್ಯರು ಹೊಟ್ಟೆ ಮುಟ್ಟಿ ನೋಡಲಿ, ಆಮೇಲೆ ಅಲ್ಟ್ರಾಸೌಂಡ್, ಮೂತ್ರಪಿಂಡ ಮತ್ತು ಯಕೃತ್ತಿಗೆ ರಕ್ತ ಪರೀಕ್ಷೆ. ಗರ್ಭಕೋಶದಲ್ಲಿ ಗಡ್ಡೆ ಕಂಡರೆ ಎದೆಯ ಎಕ್ಸ್-ರೇ ತೆಗೆಸಬೇಕು, ಈ ಕ್ಯಾನ್ಸರ್ ಹರಡುವುದು ಶ್ವಾಸಕೋಶಕ್ಕೆ. ಎದೆ ಸ್ವಚ್ಛವಿದ್ದರೆ ಗರ್ಭಕೋಶ ತೆಗೆದು ಬದುಕಿಸಬಹುದು. ಎದೆಯಲ್ಲೂ ಗಂಟುಗಳಿದ್ದರೆ ಆಪರೇಷನ್ನಿನಿಂದ ಪ್ರಯೋಜನ ಇಲ್ಲ, ನೋವು ಕಡಿಮೆ ಮಾಡಿ ನೋಡಿಕೊಳ್ಳುವುದಷ್ಟೇ. ಏನೂ ಇಲ್ಲದಿದ್ದು, ನೀವೂ ಆಪರೇಷನ್ ಬೇಡ ಎಂದುಕೊಂಡರೆ ಆರು ತಿಂಗಳಿಗೊಮ್ಮೆ ಹೊಟ್ಟೆ ಪರೀಕ್ಷೆ ಮಾಡಿಸಿ. ಗೂಡಿನಲ್ಲಿ ಬಿಳಿ ಬಟ್ಟೆ ಹಾಸಿದರೆ ರಕ್ತದ ಹನಿ ಬೇಗ ಕಣ್ಣಿಗೆ ಬೀಳುತ್ತದೆ.